ವೇದನಾಧ್ಯಾಯವೂ ಕಾಲನಿಯಮವೂ: ಕೌಮಾರಭೃತ್ಯದ ಒಂದು ವಿಚಾರ

೧. ಉಪಕ್ರಮ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದು ಒಂದು. ಶಿಶುವಿನ ಭರಣಪೋಷಣೆ, ಧಾತ್ರಿಯ ಪರೀಕ್ಷೆ, ಸ್ತನ್ಯದ ಗುಣದೋಷಗಳು, ಬಾಲರೋಗಗಳು, ಅವುಗಳ ಪರಿಹಾರ ಇವೇ ಮೊದಲಾದುವು ಅದರ ವಿಷಯಗಳು. ಚರಕ ಸುಶ್ರುತ ವಾಗ್ಭಟರ ಗ್ರಂಥಗಳಲ್ಲಿ ಈ ಅಂಗಕ್ಕೆ ಕೆಲವೇ ಅಧ್ಯಾಯಗಳು ಮೀಸಲಾಗಿವೆ. ಇದನ್ನೇ ಪ್ರಧಾನವಾಗಿ ಇಟ್ಟುಕೊಂಡು ಹೊರಟ ಪ್ರಾಚೀನ ಸಂಹಿತೆಯೆಂದು ಹೆಸರಿಸಬಹುದಾದುದು ಕಾಶ್ಯಪಸಂಹಿತೆ. ಇದಕ್ಕೆ ವೃದ್ಧಜೀವಕೀಯ ತಂತ್ರವೆಂದೂ ಹೆಸರುಂಟು. ನೇಪಾಳದ ರಾಜಗುರು ಹೇಮರಾಜಶರ್ಮರ ಬಳಿಯಲ್ಲಿದ್ದ ತಾಳೆಯೋಲೆಯ ಪ್ರತಿಯ ಆಧಾರದಿಂದ, ಅವರ ದೀರ್ಘವಾದ ಸಂಸ್ಕೃತ ಉಪೋದ್ಘಾತದೊಡನೆ, ಯಾದವಜೀ ತ್ರಿಕಮಜೀ ಆಚಾರ್ಯರು ಇದನ್ನು ೧೯೩೮ನೆಯ ಇಸವಿಯಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಪ್ರಕಟಪಡಿಸಿದರು. ಮೂಲಪ್ರತಿಯ ಅನೇಕ ಗರಿಗಳು ನಷ್ಟವಾಗಿದ್ದುದರಿಂದ ಗ್ರಂಥವು ಖಂಡಿತವಾಗಿಯೇ ನಮ್ಮ ಕೈಸೇರಿರುತ್ತದೆ. ನಮ್ಮ ಭಾಷೆಯಲ್ಲಿಯೂ ಬಾಲವೈದ್ಯವು ಅನಾದರಕ್ಕೆ ಪಾತ್ರವಾದ ವಿಷಯವಲ್ಲ. ಸುಮಾರು ೧೨೦೦ರಲ್ಲಿದ್ದ ದೇವೇಂದ್ರಮುನಿಯು ರಚಿಸಿದ ಬಾಲಗ್ರಹಚಿಕಿತ್ಸೆಯನ್ನು ಕವಿಚರಿತೆಯನ್ನು ಓದಿದವರೆಲ್ಲರೂ ಬಲ್ಲರು.

ಸಂಹಿತೆಯ ಸಂಪ್ರದಾಯವನ್ನು ಹೇಳುವ ಕಥೆಯೊಂದು ಕಲ್ಪಸ್ಥಾನದಲ್ಲಿದೆ. ಋಚೀಕನ ಮಗನಾದ ಜೀವಕನು ಕಾಶ್ಯಪನ ಉಪದೇಶವನ್ನು ಸಂಕ್ಷೇಪಿಸಿ ತಂತ್ರವಾಗಿ ರಚಿಸಿದನು. ಆತನಿಗೆ ಆಗ ಐದೇ ವರ್ಷ. ಬಾಲಕನ ಮಾತೆಂದು ಋಷಿಗಳು ಅದನ್ನು ಅಂಗೀಕರಿಸಲಿಲ್ಲ. ಜೀವಕನು ಅವರ ಕಣ್ಣೆದುರಿನಲ್ಲಿಯೇ ಕನಖಲದ ಗಂಗೆಯಲ್ಲಿ ಮುಳುಗಿ, ಮುಹೂರ್ತಮಾತ್ರದಲ್ಲಿ ನೆರೆತ ಕೂದಲೂ ಸುಕ್ಕುಬಿದ್ದ ಮೈಯೂ ಉಳ್ಳವನಾಗಿ ಮೇಲೆದ್ದನು. ಆ ಬಳಿಕವೇ ಆತನು ವೃದ್ಧಜೀವಕನೆಂಬ ಹೆಸರನ್ನೂ, ಆತನ ಗ್ರಂಥವು ಮನ್ನಣೆಯನ್ನೂ ಪಡೆದುವು. ಇದರ ಐತಿಹಾಸಿಕತೆಯನ್ನು ನಾವು ಇಲ್ಲಿ ಚರ್ಚಿಸುವುದಿಲ್ಲ. ಮಗುವಿನ ಮಾತನ್ನು ದೊಡ್ಡವರು ಕೇಳಲಿಲ್ಲವೆಂಬ ಕಥೆಯು ಬಾಲವೈದ್ಯದ ಗ್ರಂಥಕ್ಕೇ ಬಂದು ಸೇರಿರುವುದನ್ನು ಮಾತ್ರ ಗಮನಿಸಿ ಮುಂದುವರಿಯುತ್ತೇವೆ. ಮಾತನಾಡಬಲ್ಲ ಮಗುವಿನ ಗತಿಯೇ ಹೀಗಾದರೆ, ಮಾತೇ ಬಾರದ ಶಿಶುವಿನ ನೋವನ್ನು ಅರಿಯುವವರು ಯಾರು, ಅರಿಯುವ ಬಗೆ ಯಾವುದು ಎಂಬುದೇ ಪ್ರಕೃತ ಲೇಖನದ ವಿಷಯವಾಗಿರುವುದು.

೨. ಇಂಗಿತದಿಂದ ವೇದನೆಯ ಜ್ಞಾನ

ಸೂತ್ರಸ್ಥಾನದ ಇಪ್ಪತ್ತೈದನೆಯದು ವೇದನಾಧ್ಯಾಯ. ನುಡಿಯಲಾರದ ಬಾಲರ ವೇದನೆಗಳನ್ನು ವೈದ್ಯನು ಹೇಗೆ ತಿಳಿಯಬೇಕೆಂದು ಶಿಷ್ಯನು ಕೇಳುತ್ತಾನೆ. ಉತ್ತರವಾಗಿ ಗುರುವು ಒಂದೊಂದು ರೋಗಕ್ಕೂ ಶಿಶುವಿನ ಮೈಯಲ್ಲಿ ತೋರುವ ಚೇಷ್ಟೆಗಳನ್ನು ಎಣಿಸುತ್ತ ಹೋಗುತ್ತಾನೆ. ತಲೆನೋವಿರುವ ಶಿಶುವು ತಲೆಯನ್ನು ಹೊರಳಿಸುವುದು, ಕಣ್ಣನ್ನು ಮುಚ್ಚಿಕೊಳ್ಳುವುದು, ರಾತ್ರಿಯಲ್ಲಿ ಅಳುವುದು, ನಿದ್ರೆಗೆಡುವುದು. ಕಿವಿನೋವಿರುವುದು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುವುದು, ತಲೆಯನ್ನು ಬಹುವಾಗಿ ಆಡಿಸುವುದು, ಹಾಲನ್ನು ಒಲ್ಲದಿರುವುದು. ಬಾಯಿಯಲ್ಲಿ ರೋಗವಿದ್ದರೆ ಜೊಲ್ಲು ಹೆಚ್ಚಾಗಿ ಸುರಿಯುವುದು, ಕುಡಿದ ಹಾಲು ಹೊರಬರುವುದು. ಹೊಟ್ಟೆಶೂಲೆಯಿದ್ದರೆ ಮೊಲೆಯನ್ನು ಬಿಟ್ಟು ಅಳುವುದು, ಅಂಗಾತನಾಗಿ ಮೈಮುರಿಯುವುದು, ಹೊಟ್ಟೆ ಬಿಗಿಯುವುದು, ಮುಖದಲ್ಲಿ ಬೆವರು ಮೂಡುವುದು. ಕಣ್ಣಿನ ರೋಗದಲ್ಲಿ ಮಲಗಿ ಎದ್ದಾಗ ರೆಪ್ಪೆಗಳು ಅಂಟಿಕೊಂಡಿರುವುವು.

ಈ ಅಧ್ಯಾಯದಲ್ಲಿ ಜ್ವರದ ಪ್ರಕರಣವು ವಿಶೇಷವಾಗಿ ಗಮನಾರ್ಹವಾದುದು. ಮತ್ತೆ ಮತ್ತೆ ಮೈಯನ್ನು ಬಾಗಿಸುವುದು, ಆಕಳಿಸುವುದು, ಕೆಮ್ಮುವುದು, ಇದ್ದಕ್ಕಿದ್ದಂತೆ ಧಾತ್ರಿಯನ್ನು ಅಪ್ಪಿಕೊಳ್ಳುವುದು, ಮೊಲೆಹಾಲನ್ನು ಹೆಚ್ಚು ಬಯಸದಿರುವುದು, ಹಣೆ ಕಾದು ಪಾದಗಳು ತಣ್ಣಗಿರುವುದು ಎಂಬ ಇವಿಷ್ಟನ್ನೂ ಬರಲಿರುವ ಜ್ವರದ ಪೂರ್ವರೂಪವೆಂದು ಹೇಳಿದೆ. ರೋಗವು ನೆಲೆನಿಂತ ಮೇಲೆ ಅದನ್ನು ಗುರುತಿಸುವುದಕ್ಕಿಂತ, ಬಾಗಿಲಲ್ಲಿ ನಿಂತಾಗಲೇ ಗುರುತಿಸುವುದು ಶಾಸ್ತ್ರಕಾರನ ಉದ್ದೇಶವೆಂಬುದು ಇದರಿಂದ ಸ್ಪಷ್ಟ. ಶಿಶುವು ಯಾವ ಅಂಗವನ್ನು ಪದೇ ಪದೇ ಮುಟ್ಟಿಕೊಳ್ಳುವುದೋ, ಯಾವ ಅಂಗವನ್ನು ಪರರು ಮುಟ್ಟಿದರೆ ಸಹಿಸದೋ, ಅಲ್ಲಿ ನೋವಿರುವುದೆಂದು ತಿಳಿಯಬೇಕೆಂಬ ಸಾಮಾನ್ಯನಿಯಮವನ್ನು ಸುಶ್ರುತನೂ ವಾಗ್ಭಟನೂ ಹೇಳಿರುತ್ತಾರೆ.

ಸಾಹಿತ್ಯವಿದ್ಯಾರ್ಥಿಗಳಿಗೆ ಈ ಕ್ರಮವು ಹೊಸದಾಗಿ ತೋರಲಾರದು. ಅನುಭಾವಗಳಿಂದ ಭಾವವನ್ನು ಅರಿಯುವುದು ನಮ್ಮ ಆಲಂಕಾರಿಕರಿಗೆ ಪರಿಚಿತವಾದ ಮಾರ್ಗ. ಆದರೆ ಎರಡಕ್ಕೂ ದೊಡ್ಡ ಭೇದವಿದೆ. ನಟನು ಸಹೃದಯನು ತಿಳಿಯಲೆಂದು ಅಭಿನಯಿಸುತ್ತಾನೆ. ಶಿಶುವಿನ ಚೇಷ್ಟೆಗೆ ಅಂತಹ ಉದ್ದೇಶವಿಲ್ಲ. ಕಾವ್ಯದಲ್ಲಿ ವ್ಯಂಗ್ಯವನ್ನು ಗ್ರಹಿಸದಿದ್ದರೆ ರಸಭಂಗವಾಗುವುದು. ಇಲ್ಲಿ ಗ್ರಹಿಸದಿದ್ದರೆ ಪ್ರಾಣಭಂಗವಾಗಬಹುದು. ಆದ್ದರಿಂದ ಈ ಅನುಮಾನದಲ್ಲಿ ವ್ಯಾಪ್ತಿಯು ದೃಢವಾಗಿದೆಯೇ ಎಂಬುದನ್ನು ತಾರ್ಕಿಕನಂತೆ ಪರೀಕ್ಷಿಸಬೇಕಾಗುವುದು. ಕಿವಿಯನ್ನು ಮುಟ್ಟಿಕೊಳ್ಳುವುದೆಂಬ ಹೇತುವನ್ನೇ ತೆಗೆದುಕೊಳ್ಳೋಣ. ಕಿವಿಯಲ್ಲಿ ಯಾವ ರೋಗವೂ ಇಲ್ಲದ ಶಿಶುಗಳೂ ನಿದ್ದೆ ಬಂದಾಗ, ಸುಮ್ಮನೆ ಅಭ್ಯಾಸದಿಂದ, ಕಿವಿಯನ್ನು ಎಳೆದುಕೊಳ್ಳುವುದುಂಟು. ಆದಕಾರಣ ಅದೊಂದೇ ಹೇತುವು ವ್ಯಭಿಚಾರಿಯಾದುದು. ಕಾಶ್ಯಪನು ಅದನ್ನೊಂದನ್ನೇ ಹೇಳದೆ, ಅರತಿ ಅರೋಚಕ ಅನಿದ್ರೆಗಳೊಡನೆ ಸಮೂಹವಾಗಿ ಹೇಳಿರುವುದು ಇದಕ್ಕಾಗಿಯೇ ಇರಬೇಕು. ಲಕ್ಷಣಸಮುದಾಯದಿಂದ ನಿರ್ಣಯಿಸಬೇಕೇ ಹೊರತು ಒಂದು ಲಕ್ಷಣದಿಂದಲ್ಲ. ಇಂದಿನ ವೈದ್ಯರ ಮತವೂ ಇದಕ್ಕೆ ಅನುಕೂಲವಾಗಿಯೇ ಇರುವುದು.

೩. ವೇದನೆಯಿಲ್ಲದ ನ್ಯೂನತೆ

ಹೀಗೆ ವೇದನಾಧ್ಯಾಯದ ಹಿರಿಮೆಯನ್ನು ಒಪ್ಪಿದ ಮೇಲೆ ಅದರ ಎಲ್ಲೆಯನ್ನೂ ಹೇಳಬೇಕಾಗಿದೆ. ಇಂಗಿತವು ಸೂಚಿಸುವುದು ನೋವನ್ನು. ನೋವೇ ಇಲ್ಲದ ನ್ಯೂನತೆಗೆ ಇಂಗಿತವೆಲ್ಲಿಯದು? ಹುಟ್ಟುಗಿವುಡಾದ ಶಿಶುವು ತನಗೆ ಕೇಳಿಸದೆಂದು ಅಳುವುದಿಲ್ಲ. ಕೇಳಿಸುವುದೆಂದರೆ ಏನೆಂಬುದೇ ಅದಕ್ಕೆ ತಿಳಿಯದು. ಮೊದಲ ಕೆಲವು ತಿಂಗಳು ಅದೂ ಇತರ ಶಿಶುಗಳಂತೆಯೇ ಧ್ವನಿಗೈಯುತ್ತದೆ, ನಗುತ್ತದೆ, ಮುಖವನ್ನು ನೋಡುತ್ತದೆ. ಇಂತಹ ಕಡೆಯಲ್ಲಿ ಶಾಸ್ತ್ರಕ್ಕೆ ಉಳಿಯುವ ಪ್ರಮಾಣವು ಒಂದೇ, ಅದು ಕಾಲ. ಇಂತಹ ವಯಸ್ಸಿನಲ್ಲಿ ಇಂತಹ ಶಕ್ತಿಯು ತೋರಬೇಕು, ತೋರದಿದ್ದರೆ ಪರೀಕ್ಷಿಸಬೇಕು ಎಂಬ ನಿಯಮವು ಹೀಗೆ ಅವಶ್ಯವಾಗುವುದು.

ಕಾಶ್ಯಪನು ಈ ನಿಯಮವನ್ನು ಅರಿಯದವನಲ್ಲ. ಚಿಕಿತ್ಸಾಸ್ಥಾನದ ಫಕ್ಕರೋಗದ ಅಧ್ಯಾಯದಲ್ಲಿ, ಒಂದು ಸಂವತ್ಸರ ತುಂಬಿದರೂ ಕಾಲಿನಿಂದ ನಡೆಯದ ಶಿಶುವನ್ನು ಫಕ್ಕನೆಂದು ತಿಳಿಯಬೇಕೆಂದು ಹೇಳಿದ್ದಾನೆ. ಇಲ್ಲಿ ಲಕ್ಷಣವು ನೋವಲ್ಲ, ಅಳುವಲ್ಲ. ಬರಬೇಕಾದ ಕಾಲಕ್ಕೆ ಬಾರದ ಶಕ್ತಿಯೇ ಲಕ್ಷಣ. ಈ ರೋಗವು ಮೂರು ಬಗೆ. ಧಾತ್ರಿಯ ಕಫದುಷ್ಟವಾದ ಹಾಲಿನಿಂದ ಬಂದುದು ಕ್ಷೀರಜ. ತಾಯಿಯು ಮತ್ತೆ ಗರ್ಭವನ್ನು ಧರಿಸಲು ಹಾಲು ತಪ್ಪಿದ ಶಿಶುವಿಗೆ ಬಂದುದು ಗರ್ಭಜ. ಜ್ವರಾದಿಗಳಿಂದ ಕ್ಷೀಣಿಸಿದುದಕ್ಕೆ ಬಂದುದು ವ್ಯಾಧಿಜ. ಒಣಗಿದ ತೊಡೆತೋಳುಗಳು, ದೊಡ್ಡ ಹೊಟ್ಟೆ, ದೊಡ್ಡದಾಗಿ ತೋರುವ ತಲೆ, ಕೈಮಂಡಿಗಳಿಂದ ತೆವಳುವುದು ಎಂಬ ಚಿತ್ರವನ್ನು ಕಂಡವರು ಮರೆಯಲಾರರು. ಚಿಕಿತ್ಸೆಯಲ್ಲಿ ಘೃತಗಳು, ಹಾಲು, ಮಾಂಸರಸ, ತೈಲಾಭ್ಯಂಗ ಇವುಗಳನ್ನು ಹೇಳಿ, ಕೊನೆಗೆ ಶಿಲ್ಪಿಯಿಂದ ಮಾಡಿಸಿದ ಮೂರು ಚಕ್ರದ ಪುಟ್ಟ ರಥವನ್ನು ಹಿಡಿದು ಶಿಶುವು ಮೆಲ್ಲಮೆಲ್ಲನೆ ನಡೆಯುವುದನ್ನು ಅಭ್ಯಾಸಮಾಡಬೇಕೆಂದು ವಿಧಿಸಿದೆ. ಪೋಷಣೆಯೊಂದೇ ಸಾಲದು, ಅಭ್ಯಾಸವೂ ಬೇಕೆಂಬ ಈ ಮಾತು ಬಹಳ ಬೆಲೆಯುಳ್ಳದ್ದು.

ಗರ್ಭಜಫಕ್ಕವನ್ನು ಓದುವಾಗ ಇನ್ನೊಂದು ಸಂಗತಿಯು ನೆನಪಾಗುವುದು. ಆಫ್ರಿಕದ ಗೋಲ್ಡ್ ಕೋಸ್ಟ್, ಎಂದರೆ ಇಂದಿನ ಘಾನಾ ದೇಶದಲ್ಲಿ ವೈದ್ಯಳಾಗಿದ್ದ ಸಿಸಿಲಿ ವಿಲಿಯಮ್ಸ್ ಎಂಬಾಕೆಯು ೧೯೩೫ರಲ್ಲಿ ಕ್ವಾಷಿಯೋರ್ಕರ್ ಎಂಬ ಬಾಲರೋಗವನ್ನು ಆ ಹೆಸರಿನಿಂದ ವೈದ್ಯಲೋಕಕ್ಕೆ ತಿಳಿಸಿದಳು. ಅದು ಅಲ್ಲಿಯ ಗಾ ಭಾಷೆಯ ಶಬ್ದ. ಇನ್ನೊಂದು ಶಿಶುವು ಹುಟ್ಟಿದಾಗ ಹಿರಿಯ ಶಿಶುವಿಗೆ ಬರುವ ರೋಗವೆಂದು ಅದರ ಭಾವ. ಮೊಲೆಬಿಟ್ಟ ಮಗುವಿಗೆ ಸತ್ತ್ವವಿಲ್ಲದ ಆಹಾರವೇ ಗತಿಯಾದಾಗ ಬರುವ ದುರ್ಗತಿಯನ್ನು, ಪರಸ್ಪರ ಸಂಬಂಧವೇ ಇಲ್ಲದ ಎರಡು ಜನಾಂಗಗಳು ಒಂದೇ ಕಾರಣದಿಂದ ಹೆಸರಿಸಿರುವುವು. ಆದರೂ ಫಕ್ಕವೇ ಕ್ವಾಷಿಯೋರ್ಕರ್ ಎಂದು ಸಮೀಕರಿಸುವುದು ಸಾಹಸವಾದೀತು. ಫಕ್ಕದಲ್ಲಿ ಅಸ್ಥಿದೌರ್ಬಲ್ಯದ ಮತ್ತು ಇತರ ರೋಗಗಳ ಛಾಯೆಯೂ ಸೇರಿರುವಂತೆ ತೋರುತ್ತದೆ.

ಒಂದು ಸಂವತ್ಸರವೆಂಬ ಅವಧಿಯ ವಿಷಯವಾಗಿಯೂ ಎಚ್ಚರಿಕೆಯು ಅವಶ್ಯ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಹಲವು ದೇಶಗಳ ಆರೋಗ್ಯವಂತ ಶಿಶುಗಳನ್ನು ಅನುಸರಿಸಿ ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದ ನಡಿಗೆಯು ಕೆಲವರಿಗೆ ಎಂಟು ತಿಂಗಳು ಕಳೆದೊಡನೆಯೂ, ಕೆಲವರಿಗೆ ಹದಿನೇಳು ತಿಂಗಳು ಕಳೆದ ಮೇಲೂ ಬರುವುದು; ಸರಾಸರಿಯು ಮಾತ್ರ ಹನ್ನೆರಡು ತಿಂಗಳು. ಆದ್ದರಿಂದ ಕಾಶ್ಯಪನ ಸಂವತ್ಸರವನ್ನು ರೋಗನಿರ್ಣಯವೆಂದು ಹಿಡಿಯದೆ, ಗಮನವಿಡಬೇಕಾದ ಕಾಲವೆಂದು ಹಿಡಿಯುವುದು ಯುಕ್ತ. ಹದಿನೆಂಟು ತಿಂಗಳಾದರೂ ನಡೆಯದ ಶಿಶುವನ್ನು ಮಾತ್ರ ವೈದ್ಯರಿಗೆ ತೋರಿಸದೆ ಇರಲೇಬಾರದು.

೪. ನಮ್ಮದೇ ಒಂದು ಪ್ರಮಾದ

ಶಾಸ್ತ್ರವಿಚಾರದ ನಡುವೆ ಸ್ವಂತ ವಿಷಯವನ್ನು ತರುವುದು ನಮಗೆ ರೂಢಿಯಲ್ಲ. ಆದರೆ ಇಲ್ಲಿ ಅದನ್ನು ಮುಚ್ಚಿಡುವುದು ವಿಷಯಕ್ಕೇ ಅನ್ಯಾಯವಾಗುವುದು. ನಮ್ಮ ಬಂಧುವರ್ಗದ ಒಂದು ಗಂಡುಮಗುವು ಎರಡು ವರ್ಷವಾದರೂ ಮಾತನಾಡಲಿಲ್ಲ. ಗುಡುಗಿದರೆ ಬೆಚ್ಚುತ್ತಿತ್ತು, ಬಾಗಿಲು ಬಡಿದರೆ ತಿರುಗುತ್ತಿತ್ತು. ಆದ್ದರಿಂದ ಕಿವಿಯಲ್ಲಿ ದೋಷವಿಲ್ಲವೆಂದು ಮನೆಯವರು ನಿಶ್ಚಯಿಸಿದರು. ತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. ಆಕೆಯು ನಮ್ಮನ್ನು ಕೇಳಿದಾಗ, ತಡವಾಗಿ ಮಾತು ಬಂದವರು ವಾಗ್ಮಿಗಳಾಗುತ್ತಾರೆಂದು ಲೋಕದಲ್ಲಿ ಹೇಳುವ ಮಾತನ್ನೇ ಹೇಳಿ ನಾವು ಕಳುಹಿಸಿಬಿಟ್ಟೆವು. ಕೌಮಾರಭೃತ್ಯವನ್ನು ಓದಿದವರೆಂಬ ಕಾರಣದಿಂದಲೇ ನಮ್ಮ ಮಾತಿಗೆ ಮನ್ನಣೆ ದೊರೆಯಿತು. ಪರೀಕ್ಷೆಯು ಒಂದೂವರೆ ವರ್ಷ ಹಿಂದೆ ಬಿದ್ದಿತು. ಮಗುವಿಗೆ ದಪ್ಪ ಶಬ್ದಗಳು ಕೇಳಿಸುತ್ತಿದ್ದುವು, ಸೂಕ್ಷ್ಮವಾದ ಶಬ್ದಗಳು ಕೇಳಿಸುತ್ತಿರಲಿಲ್ಲ. ಈಗ ಅವನು ಯಂತ್ರವನ್ನು ಧರಿಸಿ ಶಾಲೆಗೆ ಹೋಗುತ್ತಾನೆ, ಮಾತನಾಡುತ್ತಾನೆ. ಆದರೆ ಸಕಾರ ಶಕಾರಗಳು ಅವನಿಗೆ ಇಂದಿಗೂ ಕಷ್ಟ. ವರ್ಣೋಚ್ಚಾರಣೆಯನ್ನು ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನಮಗೆ ಇದನ್ನು ಕೇಳುವುದು ಸುಲಭವಲ್ಲ.

ಆ ಒಂದೂವರೆ ವರ್ಷದ ಬೆಲೆಯೇನೆಂಬುದನ್ನು ಆ ಬಳಿಕ ತಿಳಿದೆವು. ಸಾವಿರ ಶಿಶುಗಳಲ್ಲಿ ಒಂದೆರಡಕ್ಕಾದರೂ ಹುಟ್ಟಿನಿಂದಲೇ ಗಣನೀಯವಾದ ಶ್ರವಣದೋಷವಿರುವುದು. ಶಿಶುವು ಮಲಗಿರುವಾಗಲೇ ಕಿವಿಯಲ್ಲಿ ಮೃದುವಾದ ಧ್ವನಿಯನ್ನು ಬಿಟ್ಟು, ಒಳಗಿವಿಯಿಂದ ಮರಳುವ ಪ್ರತಿಧ್ವನಿಯನ್ನು ಅಳೆಯುವ ಪರೀಕ್ಷೆಯು ಕೆಲವೇ ನಿಮಿಷಗಳದು; ಅದರಲ್ಲಿ ನೋವಿಲ್ಲ. ಒಂದು ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಈಗ ತಜ್ಞರು ಒಪ್ಪಿದ ಕಾಲನಿಯಮ. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಕ್ರಿಸ್ಟೀನ್ ಯೋಷಿನಾಗ ಇಟಾನೊ ಮೊದಲಾದವರು ೧೫೦ ಮಕ್ಕಳನ್ನು ಪರೀಕ್ಷಿಸಿ ೧೯೯೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆರು ತಿಂಗಳೊಳಗೆ ದೋಷವನ್ನು ಗುರುತಿಸಲ್ಪಟ್ಟವರು ತಡವಾಗಿ ಗುರುತಿಸಲ್ಪಟ್ಟವರಿಗಿಂತ ಭಾಷೆಯಲ್ಲಿ ಎಷ್ಟೋ ಮುಂದಿದ್ದರೆಂದು ತೋರಿಸಿದೆ. ಕಾರಣವು ಊಹಿಸಲು ಕಷ್ಟವಾದುದಲ್ಲ. ಶಬ್ದವನ್ನು ಗ್ರಹಿಸುವ ನಾಡಿಗಳು ಮೊದಲ ವರ್ಷಗಳಲ್ಲಿ ಶಬ್ದವನ್ನು ಪಡೆಯುತ್ತಲೇ ರೂಪುಗೊಳ್ಳುವುವು. ಪಡೆಯದಿದ್ದರೆ ಆ ಸ್ಥಾನವು ಬೇರೆ ಕಾರ್ಯಕ್ಕೆ ತೆರಳುವುದು. ಬಿತ್ತುವ ಕಾಲವು ಕಳೆದ ಮೇಲೆ ಮಳೆ ಬಂದರೂ ಮೊದಲಿನ ಬೆಳೆ ಬಾರದು.

೫. ಗ್ರಾಹ್ಯತ್ಯಾಜ್ಯವಿವೇಕ

ಕಾಲನಿಯಮವನ್ನು ಎತ್ತಿಹಿಡಿಯುವ ಭರದಲ್ಲಿ ಪ್ರಾಚೀನರು ಹೇಳಿದುದೆಲ್ಲವನ್ನೂ ಎತ್ತಿಹಿಡಿಯುವುದು ನಮ್ಮ ಉದ್ದೇಶವಲ್ಲ. ಹುಟ್ಟಿದ ಶಿಶುವಿಗೆ ಜೇನುತುಪ್ಪಗಳನ್ನು ನೆಕ್ಕಿಸುವ ವಿಧಿಯು ಗೃಹ್ಯಸೂತ್ರಗಳಲ್ಲಿಯೂ ವೈದ್ಯಗ್ರಂಥಗಳಲ್ಲಿಯೂ ಉಂಟು. ಜೇನಿನಲ್ಲಿ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಗಳಿರಬಹುದು. ಅವು ಎಳೆಯ ಶಿಶುವಿನ ಕರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡಿ ಮಾಂಸಖಂಡಗಳನ್ನು ಸ್ತಂಭಿಸಬಲ್ಲವು. ಒಂದು ವರ್ಷ ತುಂಬುವವರೆಗೆ ಜೇನನ್ನು ಕೊಡಲೇಬಾರದೆಂಬುದು ಇಂದಿನ ನಿಶ್ಚಿತಜ್ಞಾನ. ಇದನ್ನು ತಿಳಿದ ಮೇಲೂ ವಿಧಿಯೆಂಬ ಕಾರಣದಿಂದ ನೆಕ್ಕಿಸುವುದು ವಿಧಿಯ ಉದ್ದೇಶಕ್ಕೇ ವಿರುದ್ಧ.

ಮೊದಲ ಹಾಲಿನ ವಿಷಯದಲ್ಲಿ ಗ್ರಂಥಗಳಲ್ಲಿಯೇ ಭೇದವಿದೆ. ಮೂರುನಾಲ್ಕು ರಾತ್ರಿಗಳ ಮೇಲೆ ಹಾಲು ಪ್ರವರ್ತಿಸುವುದೆಂದು ಸುಶ್ರುತನು ಹೇಳಿ, ಅದುವರೆಗೆ ಬೇರೆ ಲೇಹ್ಯಗಳನ್ನು ವಿಧಿಸಿದ್ದಾನೆ. ಚರಕನಾದರೋ ಜಾತಕರ್ಮವು ಮುಗಿದೊಡನೆ ಮೊದಲು ಬಲಮೊಲೆಯನ್ನು ಕೊಡಬೇಕೆಂದು ಹೇಳುತ್ತಾನೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು, ಆರು ತಿಂಗಳು ತುಂಬುವವರೆಗೆ ತಾಯಹಾಲಿನ ಹೊರತು ನೀರನ್ನೂ ಕೊಡಬಾರದು ಎಂಬ ಇಂದಿನ ನಿಯಮಕ್ಕೆ ಚರಕಮತವು ಹತ್ತಿರವಾದುದು. ಗಿಣ್ಣುಹಾಲನ್ನು ಹಿಂಡಿ ಚೆಲ್ಲುವವರು ಶಾಸ್ತ್ರದ ಹೆಸರನ್ನು ಹೇಳುವಾಗ, ಶಾಸ್ತ್ರವು ಏಕಕಂಠವಾಗಿಲ್ಲವೆಂಬುದನ್ನು ತಿಳಿಸುವುದು ವಿದ್ವಾಂಸರ ಹೊಣೆ. ಹಾಗೆಯೇ ಅನ್ನಪ್ರಾಶನವು ಆರನೆಯ ತಿಂಗಳಲ್ಲೆಂದು ಬಹುಮತ. ಕಾಶ್ಯಪನು ಆರರಲ್ಲಿ ಫಲವನ್ನೂ ಹತ್ತರಲ್ಲಿ ಅನ್ನವನ್ನೂ ಹೇಳುತ್ತಾನೆ. ಹತ್ತರವರೆಗೆ ಅನ್ನವನ್ನು ತಡೆದರೆ ಶಿಶುವು ಸೊರಗುವುದು. ಆರು ತಿಂಗಳು ತುಂಬಿದ ಕೂಡಲೇ ಮೆದುವಾದ ಗಟ್ಟಿ ಆಹಾರವನ್ನು ಹಾಲಿನೊಡನೆ ಆರಂಭಿಸುವುದೇ ಸರಿ.

ಬಾಲಗ್ರಹಗಳ ಮಾತನ್ನೂ ಆಡದೆ ಬಿಡುವಂತಿಲ್ಲ. ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಒಂಬತ್ತನ್ನು ಸುಶ್ರುತನು ಹೇಳಿದ್ದಾನೆ. ಅಲ್ಲಿ ವರ್ಣಿಸಿದ ಲಕ್ಷಣಗಳು ಕಣ್ಣಾರೆ ಕಂಡವರು ಬರೆದವು. ಹೇಳಿದ ಕಾರಣವು ಆ ಕಾಲದ ಊಹೆ. ಲಕ್ಷಣವನ್ನು ಉಳಿಸಿಕೊಂಡು ಊಹೆಯನ್ನು ಬಿಡಬೇಕು. ಸೆಳವು ಬಂದ ಶಿಶುವನ್ನು ಬಲಿಶಾಂತಿಗಳಲ್ಲಿ ನಿಲ್ಲಿಸಿಕೊಂಡರೆ ಕಳೆಯುವುದು ಕಾಲವೇ. ಇದೇ ಪರಂಪರೆಯಲ್ಲಿ ಚರಕನು, ಅಳುವ ಶಿಶುವನ್ನು ಸುಮ್ಮನಿರಿಸಲು ರಾಕ್ಷಸ ಪಿಶಾಚ ಪೂತನಾದಿಗಳ ಹೆಸರನ್ನು ಹೇಳಿ ಹೆದರಿಸಬಾರದೆಂದು ನಿಷೇಧಿಸಿರುವುದನ್ನು ಮರೆಯಬಾರದು. ಆಟದ ಸಾಮಾನುಗಳು ಬಣ್ಣಬಣ್ಣವಾಗಿ, ಸದ್ದುಮಾಡುವಂತಹವಾಗಿ, ಹಗುರವಾಗಿ ಇರಬೇಕು. ಮೊನೆಯುಳ್ಳವಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಭಯವನ್ನುಂಟುಮಾಡಬಾರದು ಎಂದೂ ಆತನೇ ಹೇಳಿದ್ದಾನೆ. ಇವುಗಳಲ್ಲಿ ಒಂದನ್ನೂ ಇಂದು ಬಿಡಬೇಕಾಗಿಲ್ಲ.

೬. ಉಪಸಂಹಾರ

ಇಂಗಿತವನ್ನೂ ಕಾಲವನ್ನೂ ನೋಡುವ ಕಾರ್ಯವು ಇಂದು ವೈದ್ಯನೊಬ್ಬನದಾಗಿ ಉಳಿದಿಲ್ಲ. ೧೯೭೫ನೆಯ ಅಕ್ಟೋಬರ್ ೨ರಂದು ದೇಶದಲ್ಲಿ ೩೩ ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಅಂಗನವಾಡಿಯಲ್ಲಿ ಶಿಶುವನ್ನು ತೂಗಿ ರೇಖಾಪಟದಲ್ಲಿ ಗುರುತಿಸುವುದು, ತೋಳಿನ ಸುತ್ತಳತೆಯನ್ನು ನೋಡುವುದು ಇವೆಲ್ಲವೂ ಫಕ್ಕಾವಸ್ಥೆಯು ಬರುವ ಮೊದಲೇ ಕಾಣುವ ಉಪಾಯಗಳು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆಯು ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಅದು ತೀವ್ರ ಅಪೋಷಣೆಯೆಂದು ಗಣನೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನವರಲ್ಲಿ ಜನ್ಮದೋಷ, ಪೋಷಕಾಂಶಗಳ ಕೊರತೆ, ರೋಗ, ಬೆಳವಣಿಗೆಯ ವಿಳಂಬ ಎಂಬ ನಾಲ್ಕನ್ನು ಹುಡುಕುತ್ತದೆ; ಹೀಗೆ ಕಂಡುಬಂದವರಿಗಾಗಿ ಜಿಲ್ಲೆಗಳಲ್ಲಿ ಶೀಘ್ರ ಮಧ್ಯಸ್ಥಿಕೆಯ ಕೇಂದ್ರಗಳನ್ನು ಏರ್ಪಡಿಸುವುದು ಅದರ ಭಾಗವಾಗಿದೆ. ಶ್ರವಣ ಮತ್ತು ವಾಕ್ಕಿನ ದೋಷಗಳಿಗಂತೂ ಮೈಸೂರಿನಲ್ಲಿಯೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿರುವುದು ಕನ್ನಡಿಗರ ಭಾಗ್ಯ.

ಆದರೆ ಈ ಎಲ್ಲ ಏರ್ಪಾಡಿಗೂ ಮೊದಲನೆಯ ಮೆಟ್ಟಿಲು ಮನೆ. ಶಿಶುವಿನ ವಿಷಯದಲ್ಲಿ ತಾಯಿಗೆ ಉಂಟಾದ ಶಂಕೆಯನ್ನು ಲೋಕೋಕ್ತಿಯಿಂದ ಶಮನಮಾಡದೆ, ಪರೀಕ್ಷೆಯಿಂದ ಪರಿಹರಿಸಬೇಕು. ಶಂಕೆಯು ಸುಳ್ಳಾದರೆ ನಷ್ಟವಾಗುವುದು ಒಂದು ದಿನ. ನಿಜವಾಗಿದ್ದು ನಾವು ಉಪೇಕ್ಷಿಸಿದರೆ ನಷ್ಟವಾಗುವುದು ಮರಳಿ ಬಾರದ ಕಾಲ. ಉಪಾಧ್ಯಾಯರೂ ವಿದ್ವಾಂಸರೂ ಹಳ್ಳಿಹಳ್ಳಿಗಳಲ್ಲಿ ಇಂದಿಗೂ ಸಲಹೆ ಕೇಳಲ್ಪಡುವವರಾಗಿದ್ದಾರೆ. ಆದಕಾರಣ ವೇದನಾಧ್ಯಾಯವನ್ನು ಪಾಠ ಹೇಳುವಾಗ ಫಕ್ಕಾಧ್ಯಾಯವನ್ನೂ ಜೊತೆಯಲ್ಲಿಯೇ ಹೇಳಿ, ಎರಡರ ಎಲ್ಲೆಗಳನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ಅವರಲ್ಲಿ ನಮ್ಮ ವಿಜ್ಞಾಪನೆ. ಪ್ರಕೃತ ವಿಚಾರದಲ್ಲಿ ದೋಷಗಳೇನಾದರೂ ಕಂಡುಬಂದರೆ ಪ್ರಾಜ್ಞರು ತೋರಿಸಿಕೊಡಬೇಕಾಗಿ ಪ್ರಾರ್ಥಿಸುತ್ತೇವೆ.